ಪಾಥೇಯ: ಕಡಲು ದಾಟಿದ ಬುತ್ತಿಯ ಚರಿತ್ರೆ

ಪ್ರಯಾಣಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ಕನ್ನಡ ನಾಡಿನ ಹಳೆಯ ವಾಡಿಕೆ. ಸಂಸ್ಕೃತದಲ್ಲಿ ಇದಕ್ಕೆ ಪಾಥೇಯವೆಂದೂ ಶಂಬಲವೆಂದೂ ಹೆಸರು. ಈ ಶಂಬಲವೇ ಕನ್ನಡದಲ್ಲಿ ಸಂಬಳವಾಗಿ, ಕಾಲಾಂತರದಲ್ಲಿ ದುಡಿಮೆಯ ವೇತನವೆಂಬ ಅರ್ಥದಲ್ಲಿ ನೆಲೆನಿಂತಿತು. ಇಂದು ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ, ಹಳೇಬೀಡು, ಅರಸೀಕೆರೆಗಳ ಕಡೆಯಿಂದ ಮಕ್ಕಳು ಹೊಸ ಅರ್ಥದ ಸಂಬಳಕ್ಕಾಗಿ ಕಡಲಾಚೆಗೆ ಹೊರಟಾಗ, ತಾಯಂದಿರು ಹಳೆಯ ಅರ್ಥದ ಸಂಬಳವನ್ನು ಪೆಟ್ಟಿಗೆಗೆ ತುಂಬುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು, ಮಲೆನಾಡಿನ ಮೆಣಸು, ಅರಸೀಕೆರೆ ಸೀಮೆಯ ಕೊಬ್ಬರಿ, ಹಪ್ಪಳ, ಸಂಡಿಗೆ, ಕೊನೆಗೆ ಬಟ್ಟೆಗಳ ನಡುವೆ ಭದ್ರವಾಗಿ ಒಂದು ಉಪ್ಪಿನಕಾಯಿಯ ಡಬ್ಬ. ಈ ಪೆಟ್ಟಿಗೆಯಲ್ಲಿ ಹೋಗುತ್ತಿರುವುದು ನಾಲಗೆಯ ರುಚಿಯೋ, ಮನೆತನದ ವ್ರತವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜೈನ ಸಮಾಜಕ್ಕೆ ದೂರಪ್ರಯಾಣ ಹೊಸದಲ್ಲ. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ವರ್ತಕರ ಪಟ್ಟಣವೂ ಆಗಿತ್ತು. ಅಲ್ಲಿ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1195ರಲ್ಲಿ ಮಂತ್ರಿ ನಾಗದೇವನು ಶ್ರವಣಬೆಳಗೊಳದಲ್ಲಿ ನಿರ್ಮಿಸಿದ ಬಸದಿಗೆ ನಗರ ಜಿನಾಲಯವೆಂಬ ಹೆಸರು ಬಂದುದು, ವರ್ತಕ ಸಮೂಹವಾದ 'ನಗರ'ವು ಅದರ ಪೋಷಣೆಯನ್ನು ಹೊತ್ತಿದ್ದರಿಂದ. ಅರಸೀಕೆರೆಯ ಸಹಸ್ರಕೂಟ ಜಿನಾಲಯವು 1220ರಲ್ಲಿ ರೇಚರಸನಿಂದ ನಿರ್ಮಿತವಾಯಿತು. ಹೀಗೆ ವಾಣಿಜ್ಯವೂ ಧರ್ಮವೂ ಒಂದೇ ಊರಿನಲ್ಲಿ ಬೆಳೆದ ಸೀಮೆಯಿದು. ಊರೂರು ಸುತ್ತುವ ವರ್ತಕನು ಪರಸ್ಥಳದಲ್ಲಿ ತನ್ನ ಆಹಾರನಿಯಮವನ್ನು ಉಳಿಸಿಕೊಳ್ಳಬೇಕಾದರೆ ಬುತ್ತಿಯೇ ಅವನ ಮೊದಲ ಆಸರೆ.

ಆಚಾರ್ಯರು ಈ ಪ್ರಯಾಣಿಕನನ್ನು ಮರೆತಿರಲಿಲ್ಲ. ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಇಂಥ ದಿಕ್ಕಿನಲ್ಲಿ ಇಷ್ಟು ದೂರ ಮಾತ್ರ ವ್ಯವಹರಿಸುವೆನೆಂದು ಲೋಭಕ್ಕೆ ಹಾಕಿಕೊಳ್ಳುವ ಎಲ್ಲೆ ಅದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇಂಥ ಎಲ್ಲೆಗಳನ್ನು ಹೆಸರಿಸುವಾಗ ನದಿ, ಅಡವಿ, ಬೆಟ್ಟಗಳೊಡನೆ ಸಮುದ್ರವನ್ನೂ ಹೇಳುತ್ತದೆ. ಅಲ್ಲಿ ಸಮುದ್ರವು ಗೃಹಸ್ಥನು ತಾನಾಗಿ ಆರಿಸಿಕೊಳ್ಳಬಹುದಾದ ಒಂದು ಮರ್ಯಾದೆ; ಎಲ್ಲ ಗೃಹಸ್ಥರಿಗೂ ವಿಧಿಸಿದ ನಿಷೇಧವಲ್ಲ.

ಮರ್ಯಾದೆಯೆಂಬ ಇದೇ ಶಬ್ದವು ಅಡುಗೆಮನೆಯಲ್ಲಿಯೂ ಉಂಟು. ದಿಗಂಬರ ಸಂಪ್ರದಾಯದ ರೂಢಿಯಂತೆ ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಉಪ್ಪಿನಕಾಯಿಗೆ ಕಟ್ಟುನಿಟ್ಟಾಗಿ ನಡೆಯುವವರ ಮನೆಗಳಲ್ಲಿ 24 ಗಂಟೆಗಳು ಮಾತ್ರ. ಕಾಲ ಮೀರಿದ ಪದಾರ್ಥದಲ್ಲಿ ಸೂಕ್ಷ್ಮಜೀವಿಗಳ ಉತ್ಪತ್ತಿಯಾಗುತ್ತದೆಂಬುದೇ ಇದಕ್ಕೆ ಕಾರಣ. ಈ ಅಳತೆಯಿಂದ ನೋಡಿದರೆ, ಆರು ತಿಂಗಳಿಗೆಂದು ಕಳುಹಿಸುವ ಉಪ್ಪಿನಕಾಯಿಯ ಡಬ್ಬವನ್ನು ಶುದ್ಧಾಹಾರವೆನ್ನಲಾಗದು. ಅದು ತಾಯಿಯ ವಾತ್ಸಲ್ಯ. ವಾತ್ಸಲ್ಯಕ್ಕೆ ವ್ರತದ ಹೆಸರನ್ನು ಇಡಬಾರದು. ಹಾಗಾದರೆ ವ್ರತವು ಕಡಲು ದಾಟುವುದು ಹೇಗೆ? ಇದಕ್ಕೆ ಹತ್ತೊಂಬತ್ತನೆಯ ಶತಮಾನದ ಇಬ್ಬರು ಪ್ರಯಾಣಿಕರ ಚರಿತ್ರೆಯಲ್ಲಿ ಉತ್ತರವಿದೆ.

1888ರ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿಯವರು ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ತಾಯಿ ಪುತಳೀಬಾಯಿಯವರ ಕಳವಳವನ್ನು ಕಳೆದವರು, ಮೋಢ ವಣಿಕ ಕುಲದಿಂದ ಬಂದು ಜೈನ ಮುನಿಯಾಗಿದ್ದ ಬೇಚರಜೀ ಸ್ವಾಮಿಗಳು. ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂಬ ಮೂರು ಪ್ರತಿಜ್ಞೆಗಳನ್ನು ಅವರು ಮಾಡಿಸಿದ ಮೇಲೆಯೇ ತಾಯಿ ಒಪ್ಪಿದ್ದು. ಹಡಗಿನ ಊಟದಲ್ಲಿ ಯಾವುದು ನಿರಾಮಿಷವೆಂದು ಕೇಳಲು ಸಂಕೋಚಪಟ್ಟ ಆ ಯುವಕರು ಮನೆಯಿಂದ ತಂದಿದ್ದ ಸಿಹಿತಿಂಡಿ ಮತ್ತು ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಕುಳಿತು ಮುಖ್ಯವಾಗಿ ತಿನ್ನುತ್ತಿದ್ದರೆಂದು ಆತ್ಮಕಥೆಯಿಂದ ತಿಳಿಯುತ್ತದೆ. ಅಲ್ಲಿಯವರೆಗೆ ಬುತ್ತಿಯೇ ವ್ರತದ ಕಾವಲುಗಾರ.

ಲಂಡನ್ನಿನಲ್ಲಿ ಉಪ್ಪು ಖಾರಗಳಿಲ್ಲದೆ ಬೇಯಿಸಿದ ತರಕಾರಿ ಅವರಿಗೆ ಸೇರದಾಯಿತು. ಅರೆಹೊಟ್ಟೆಯ ದಿನಗಳು ಕಳೆದವು. ಕೊನೆಗೆ ಫಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಭೋಜನಾಲಯ ದೊರೆಯಿತು. ಅಲ್ಲಿ ಕೊಂಡ ಹೆನ್ರಿ ಸಾಲ್ಟರ ಪುಸ್ತಕವನ್ನು ಓದಿದ ಮೇಲೆ ಅವರು ವಿಚಾರಪೂರ್ವಕವಾಗಿ ಸಸ್ಯಾಹಾರಿಯಾದರು. ತರುವಾಯ ನಡೆದ ಸಂಗತಿ ಇನ್ನೂ ಗಮನಾರ್ಹ. ಊರಿನಿಂದ ತರಿಸಿಕೊಂಡಿದ್ದ ಸಿಹಿ ಮತ್ತು ಮಸಾಲೆಗಳನ್ನು ಅವರು ತಾವಾಗಿಯೇ ಬಿಟ್ಟರು. ಮೊದಲು ಸಪ್ಪೆಯೆನಿಸಿದ ಬೇಯಿಸಿದ ಸೊಪ್ಪೇ ರುಚಿಸತೊಡಗಿತು. ಕೆಲಕಾಲ ಮೊಟ್ಟೆಯನ್ನು ತಿಂದದ್ದೂ ಉಂಟು. ಆದರೆ ಪ್ರತಿಜ್ಞೆ ಮಾಡಿಸಿದ ತಾಯಿ ಮಾಂಸವೆಂಬ ಶಬ್ದಕ್ಕೆ ಯಾವ ಅರ್ಥವನ್ನು ಕೊಟ್ಟಿದ್ದರೋ ಅದೇ ತನಗೆ ಬಂಧನವೆಂದು ತಿಳಿದು ಅದನ್ನೂ ತ್ಯಜಿಸಿದರು. ಸಸ್ಯಾಹಾರಿ ಭೋಜನಾಲಯಗಳಲ್ಲಿಯೂ ಮೊಟ್ಟೆ ಬೆರೆತ ಭಕ್ಷ್ಯಗಳಿದ್ದುದರಿಂದ ಪ್ರತಿಯೊಂದನ್ನೂ ವಿಚಾರಿಸಿಯೇ ತಿನ್ನಬೇಕಾಯಿತು. ಕೇಳಲು ನಾಚುತ್ತಿದ್ದವರು ಕೇಳುವುದನ್ನು ಕಲಿತರು. ಬುತ್ತಿ ಹೋಯಿತು, ವ್ರತ ಉಳಿಯಿತು.

ಎರಡನೆಯವರು ಮಹುವಾದಲ್ಲಿ 1864ರಲ್ಲಿ ಹುಟ್ಟಿದ ವೀರಚಂದ ರಾಘವಜೀ ಗಾಂಧಿ. 1893ರ ಸೆಪ್ಟೆಂಬರ್ ತಿಂಗಳಿನಲ್ಲಿ ಷಿಕಾಗೋದಲ್ಲಿ ನಡೆದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದದ್ದು ಶ್ವೇತಾಂಬರ ಆಚಾರ್ಯ ವಿಜಯಾನಂದಸೂರಿ, ಅಂದರೆ ಆತ್ಮಾರಾಮಜೀಯವರಿಗೆ. ಮುನಿಧರ್ಮಕ್ಕೆ ವಾಹನಪ್ರಯಾಣ ಸಲ್ಲದು. ಆದ್ದರಿಂದ ಅವರು ಗೃಹಸ್ಥರಾದ ವೀರಚಂದರನ್ನು ಸಿದ್ಧಪಡಿಸಿ ಕಳುಹಿಸಿದರು. ಪರದೇಶದಲ್ಲಿ ಆಹಾರನಿಯಮವನ್ನು ಪಾಲಿಸಿ ಬಂದರೂ, ಸಮುದ್ರ ದಾಟಿದರೆಂದು ಸಮಾಜದ ಒಂದು ವರ್ಗವು ಅವರನ್ನು ವಿರೋಧಿಸಿತು. ಆಚಾರ್ಯರು ಅವರ ಬೆಂಬಲಕ್ಕೆ ನಿಂತರು. 37 ತುಂಬುವ ಮೊದಲೇ, 1901ರಲ್ಲಿ, ವೀರಚಂದರು ತೀರಿಕೊಂಡರು. ಅವರನ್ನು ವಿರೋಧಿಸಿದವರು ದಾಟಿದ ಕಡಲನ್ನು ಕಂಡರು. ಆಚಾರ್ಯರು ಪಾಲಿಸಿದ ನಿಯಮವನ್ನು ಕಂಡರು.

ಇಂದಿನ ಪ್ರಯಾಣಿಕನಿಗೆ ಬಹಿಷ್ಕಾರದ ಭಯವಿಲ್ಲ. ಆದರೆ ಅವನ ಪೆಟ್ಟಿಗೆಗೆ ಬೇರೊಂದು ಪರೀಕ್ಷೆಯಿದೆ. ಆಸ್ಟ್ರೇಲಿಯಾ, ಅಮೆರಿಕ ಮುಂತಾದ ದೇಶಗಳಲ್ಲಿ ತಂದ ಆಹಾರವಸ್ತುಗಳನ್ನು ಬಂದಿಳಿದಾಗ ಬರೆದು ತಿಳಿಸಬೇಕು. ಬೀಜ, ಹಸಿ ಹಣ್ಣು, ಸೊಪ್ಪುಗಳ ಮೇಲೆ ಕಟ್ಟುನಿಟ್ಟುಂಟು. ಇದಕ್ಕೆ ಕಾರಣ ಪರದೇಶದ ಕೀಟ, ರೋಗಗಳು ಅಲ್ಲಿಯ ಬೆಳೆಗೆ ಹರಡಬಾರದೆಂಬುದು. ತಿಂಡಿಯಷ್ಟೇ ತಾನೆ ಎಂದು ಬಚ್ಚಿಡುವವರುಂಟು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ, ಕಳ್ಳತೂಕ ಮತ್ತು ಕಲಬೆರಕೆಗಳ ಸಾಲಿನಲ್ಲಿಯೇ, ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ರಾಜ್ಯದ ನಿಯಮವನ್ನು ಮೀರಿ ಸರಕು ಸಾಗಿಸುವುದು ಈ ದೋಷಕ್ಕೆ ಸೇರುತ್ತದೆ. ಅಹಿಂಸೆಯ ಊಟವನ್ನು ಉಳಿಸಿಕೊಳ್ಳಲು ಅಚೌರ್ಯವನ್ನು ಕಳೆದುಕೊಳ್ಳುವುದು ಎಂಥ ವ್ಯಾಪಾರ? ಲೆಕ್ಕ ಬಲ್ಲ ಯಾವ ವರ್ತಕನೂ ಒಪ್ಪುವ ವ್ಯಾಪಾರವಲ್ಲ.

ಹೊರಗೆ ನೆಲೆಸಿದ ಜೈನರು ಕ್ರಮೇಣ ಪೆಟ್ಟಿಗೆಯ ಅವಲಂಬನೆಯಿಂದ ಹೊರಬಂದು ಸಂಸ್ಥೆಗಳನ್ನು ಕಟ್ಟಿಕೊಂಡರು. ಬೋಸ್ಟನ್ನಿನಲ್ಲಿ 1973ರಲ್ಲಿ ಜೈನ ಕೇಂದ್ರವು ಆರಂಭವಾಯಿತು. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ 'ಜೈನಾ' 1981ರಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1988ರಲ್ಲಿ ಪ್ರತಿಷ್ಠೆಯಾದ ಜಿನಾಲಯದಲ್ಲಿ ದಿಗಂಬರ, ಶ್ವೇತಾಂಬರ ಬಿಂಬಗಳು ಒಂದೇ ಸೂರಿನಡಿ ಪೂಜೆಗೊಳ್ಳುತ್ತವೆ. ಊರಿನಿಂದ ಹೋಗುವ ವಿದ್ಯಾರ್ಥಿಗೆ ಇಂಥ ಕೇಂದ್ರಗಳ ವಿಳಾಸವೂ ಬುತ್ತಿಯ ಒಂದು ಭಾಗವೇ ಸರಿ.

ಆದುದರಿಂದ ಪೆಟ್ಟಿಗೆ ಕಟ್ಟುವ ಮನೆಯವರು ಕೊಬ್ಬರಿಯನ್ನೂ ಪುಡಿಗಳನ್ನೂ ಧಾರಾಳವಾಗಿ ಕಳುಹಿಸಲಿ. ಜೊತೆಗೆ ಅವುಗಳನ್ನು ಮಾಡುವ ವಿಧಾನವನ್ನೂ ಮಕ್ಕಳ ಕೈಗೆ ಕಲಿಸಲಿ. ಜೆಲಟಿನ್ ಪ್ರಾಣಿಜನ್ಯವೆಂದೂ, ಚೀಸ್ ತಯಾರಿಕೆಯಲ್ಲಿ ಕರುವಿನ ಜಠರದ ರೆನೆಟ್ ಬಳಕೆಯಾಗುವುದುಂಟೆಂದೂ ತಿಳಿಸಲಿ. ಗೆಡ್ಡೆಗೆಣಸು ಏಕೆ ವರ್ಜ್ಯ, ರಾತ್ರಿಭೋಜನ ಏಕೆ ತ್ಯಾಜ್ಯ ಎಂಬುದಕ್ಕೆ 'ನಮ್ಮಲ್ಲಿ ಹಾಗೆ' ಎನ್ನುವುದಕ್ಕಿಂತ ಹೆಚ್ಚಿನ ಉತ್ತರವನ್ನು ಕೊಡಲಿ. ಬಸದಿಗಳ ಆಡಳಿತ ಮಂಡಳಿಗಳು, ಪರದೇಶಕ್ಕೆ ಹೊರಡುವವರು ದರ್ಶನಕ್ಕೆ ಬಂದಾಗ ಕೊಡಬಹುದಾದ ಒಂದು ಚಿಕ್ಕ ಆಹಾರದರ್ಶಿಕೆಯನ್ನು ಅಚ್ಚು ಹಾಕಿಸಿದರೆ, ಹೆಚ್ಚಿನ ಖರ್ಚಿಲ್ಲದ ಜ್ಞಾನದಾನವಾದೀತು. ಉಪ್ಪಿನಕಾಯಿ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಪರಸ್ಥಳದ ಅಂಗಡಿಯಲ್ಲಿ ಡಬ್ಬದ ಮೇಲಿನ ಚೀಟಿಯನ್ನು ಓದುವವನು ಒಬ್ಬಂಟಿಗ. ಓದುವ ಅಭ್ಯಾಸವನ್ನು ಊರಿನಲ್ಲಿರುವಾಗಲೇ ಮಾಡಿಸಬೇಕು.