ಸಕಲೇಶಪುರ–ಆಲೂರು ಸೀಮೆಯಲ್ಲಿ ಮರದ ಗುರುತು: ಬಡಗಿಯ ಕೊಟ್ಟಿಗೆಯಿಂದ ಕಾಷ್ಠ ಸಂಗ್ರಹದವರೆಗೆ

ಬೇರೆ ಬೇರೆ ಜಾತಿಯ ಮರಗಳಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ, ನೆರಳಲ್ಲಿ ಒಣಗಿಸಿ, ನಯಮಾಡಿ, ಹೆಸರು, ಊರು, ತಾರೀಖು ಬರೆದು ಜೋಡಿಸಿಡುವ ಕೆಲಸಕ್ಕೆ ಕಾಷ್ಠ ಸಂಗ್ರಹ ಎನ್ನುತ್ತಾರೆ. ಅಂಚೆಚೀಟಿ, ನಾಣ್ಯಗಳ ಹಾಗೆ ಮರದ ತುಂಡುಗಳನ್ನು ಕೂಡಿಸುವವರು ಜಗತ್ತಿನ ನಾನಾ ಕಡೆ ಇದ್ದಾರೆ. ಅವರ ಅಂತರರಾಷ್ಟ್ರೀಯ ಸಂಘವೊಂದು 1947ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಮೂರು ಅಂಗುಲ ಅಗಲ, ಆರು ಅಂಗುಲ ಉದ್ದ, ಅರ್ಧ ಅಂಗುಲ ದಪ್ಪ ಎಂಬ ಅಳತೆಯನ್ನು ರೂಢಿಗೆ ತಂದದ್ದು ಆ ಸಂಘವೇ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಬೆಟ್ಟಸಾಲಿನಲ್ಲಿ ಮರದ ಗುರುತು ಹವ್ಯಾಸವಾಗುವುದಕ್ಕೆ ಬಹಳ ಮೊದಲೇ ಬಡಗಿಯ ಕಸುಬಾಗಿತ್ತು. ಆಮೇಲೆ ಕಾಫಿ ತೋಟದವರಿಗೂ ಅರಣ್ಯ ಇಲಾಖೆಗೂ ಅದು ಬೇಕಾಯಿತು. ಕೊನೆಗೆ ಸಸ್ಯವಿಜ್ಞಾನಿಗಳ ಅಧ್ಯಯನದ ವಸ್ತುವಾಯಿತು.

ಈ ಸೀಮೆಯಲ್ಲಿ ಮರದ ಜಾತಿಗಳು ಇಷ್ಟೊಂದು ಇರುವುದಕ್ಕೆ ಮಳೆಯ ಹಂಚಿಕೆಯೇ ಮುಖ್ಯ ಕಾರಣ. ಪಶ್ಚಿಮದ ಅಂಚಿನಲ್ಲಿ ಬಿಸಿಲೆ, ಕಾಗಿನಹರೆ, ಕೆಂಪುಹೊಳೆಯ ಕಾಡುಗಳು ಮುಂಗಾರಿನ ಪೂರ್ತಿ ಹೊಡೆತಕ್ಕೆ ಸಿಕ್ಕುತ್ತವೆ. ಹೇಮಾವತಿ ದಾಟಿ ಪೂರ್ವಕ್ಕೆ ಸರಿದಂತೆ ಮಳೆ ಬೇಗನೆ ಇಳಿದು, ಆಲೂರಿನ ಹೊತ್ತಿಗೆ ಮಲೆನಾಡು ಮುಗಿಯುತ್ತ ಬಂದು ಬಯಲುಸೀಮೆಯ ಲಕ್ಷಣ ಕಾಣಿಸಿಕೊಳ್ಳುತ್ತದೆ. ಘಟ್ಟದಂಚಿನ ನಿತ್ಯಹರಿದ್ವರ್ಣ ಕಾಡಿನಲ್ಲಿ ಧೂಮ, ಸಾಲುಧೂಪ, ನಾಗಸಂಪಿಗೆ, ಎಣ್ಣೆಮರ, ಹೆಬ್ಬಲಸು. ನಡುವಿನ ತೇವದ ಎಲೆಯುದುರುವ ಕಾಡಿನಲ್ಲಿ ಬೀಟೆ, ಹೊನ್ನೆ, ಮತ್ತಿ, ನಂದಿ, ತಡಸಲು. ಪೂರ್ವದ ಒಣ ಬದುಗಳಲ್ಲಿ ಶ್ರೀಗಂಧ. ಇಷ್ಟು ಕಡಿಮೆ ದೂರದೊಳಗೆ ಕಾಡಿನ ಸ್ವಭಾವ ಹೀಗೆ ಬದಲಾಗುವ ಜಾಗಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮರ ಗುರುತಿಸುವ ವಿದ್ಯೆಯ ಮೊದಲ ಒಡೆಯರು ಬಡಗಿಗಳು. ತೊಟ್ಟಿಮನೆಯ ಕಂಬ, ತೊಲೆ, ಬಾಗಿಲುವಾಡ, ಗಾಡಿಯ ಚಕ್ರ, ನೇಗಿಲು, ಒನಕೆ ಒಂದೊಂದಕ್ಕೂ ಬೇರೆ ಬೇರೆ ಗುಣದ ಮರ ಬೇಕು. ಬಾಗಿಲು, ಕಿಟಕಿ, ಪೆಟ್ಟಿಗೆಗೆ ಹಲಸು, ಹೆಬ್ಬಲಸು. ಭಾರ ಹೊರುವ ತೊಲೆಗೆ ಮತ್ತಿ, ಹೊನ್ನೆ. ಪೆಟ್ಟು ತಾಳಿಕೊಂಡು ಬಾಗಬೇಕಾದ ಕೊಡಲಿ ಕಾವಿಗೆ ತಡಸಲು. ಸೀಳಿದ ಬೈನೆಯ ದಬ್ಬೆ ಮಾಡಿನ ರೀಪಿಗೂ ನೀರಿನ ದೋಣಿಗೂ ಒದಗುತ್ತಿತ್ತು. ಬೂರುಗದ ಹಲಗೆಯನ್ನು ಕುಟ್ಟೆ ಬೇಗ ಹಿಡಿಯುವುದರಿಂದ ಅದನ್ನು ಮನೆಗೆಲಸಕ್ಕೆ ತರುತ್ತಿರಲಿಲ್ಲ. ಬಡಗಿ ಜಾತಿ ತಿಳಿಯುತ್ತಿದ್ದುದು ಎಲೆ ಹೂವುಗಳಿಂದಲ್ಲ. ಬಾಚಿಯ ಏಟಿಗೆ ಚೆಕ್ಕೆ ಏಳುವ ರೀತಿ, ಹಸಿ ಮರದ ವಾಸನೆ, ಕೈಗೆ ಸಿಗುವ ತೂಕ, ಕೀಸುಳಿ ಹಾಕಿದಾಗ ಎದ್ದು ಕಾಣುವ ಎಳೆ, ಇವುಗಳಿಂದ. ಈ ವಿದ್ಯೆ ಬರಹಕ್ಕೆ ಇಳಿಯಲಿಲ್ಲ. ಅಪ್ಪನ ಕೈಯಿಂದ ಮಗನ ಕೈಗೆ ಹೋದಷ್ಟೇ ಉಳಿಯಿತು. ಈ ಚರಿತ್ರೆಯಲ್ಲಿ ಆದ ದೊಡ್ಡ ನಷ್ಟ ಇದೇ ಎನ್ನಬೇಕು.

ಮರಕ್ಕೆ ಸರ್ಕಾರದ ಕಣ್ಣು ಬಿದ್ದದ್ದು ಗಂಧದಿಂದ. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಸಕಲೇಶಪುರದ ಪಕ್ಕದ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ ಎದ್ದದ್ದೂ ಅವನ ಕಾಲದಲ್ಲೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ವರದಿಯಲ್ಲಿ ಕಾಡುಮರಗಳ ಪಟ್ಟಿಗಳು ಅಲ್ಲಲ್ಲಿ ಬರುತ್ತವೆ. ಊರವರು ಹೇಳಿದ ಹೆಸರು, ಅದರ ಎದುರಿಗೆ ತನಗೆ ತಿಳಿದ ಸಸ್ಯಶಾಸ್ತ್ರೀಯ ಹೆಸರು, ಜತೆಗೆ ಮರದ ಉಪಯೋಗ. ಮೈಸೂರು ಸೀಮೆಯ ಮರಗಳ ಕನ್ನಡ ಹೆಸರು ಮತ್ತು ಲ್ಯಾಟಿನ್ ಹೆಸರುಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಮಂಜರಾಬಾದಿಗೆ, ಅಂದರೆ ಈ ಸಕಲೇಶಪುರ ಸೀಮೆಗೆ, ಯುರೋಪಿಯನ್ ಕಾಫಿ ತೋಟಗಾರರು ಬಂದದ್ದು 1840ರ ದಶಕದಲ್ಲಿ. 1856ರಲ್ಲಿ ಇಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎರಡು ಪುಸ್ತಕಗಳಲ್ಲಿ ಆ ಕಾಲದ ಅನುಭವವನ್ನು ಬರೆದಿಟ್ಟಿದ್ದಾನೆ. 1894ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ನೆರಳಿನ ಮರಗಳ ಚರ್ಚೆಯೇ ಒಂದು ದೊಡ್ಡ ಭಾಗ. ಮೊದಲಿಗೆ ಹಲವು ತೋಟಗಾರರು ಕಾಡನ್ನು ಬುಡಸಮೇತ ಕಡಿದು, ಸುಟ್ಟು, ಬೂದಿಯ ಮೇಲೆ ಕಾಫಿ ನೆಟ್ಟರು. ಬಿಸಿಲಿಗೆ ಬಿದ್ದ ಗಿಡಗಳಿಗೆ 1860ರ ದಶಕದಲ್ಲಿ ಕಾಂಡಕೊರಕ ಹುಳು ಬಿದ್ದು ತೋಟಗಳು ಹಾಳಾದವು. ಕಾಫಿಗೆ ನೆರಳು ಬೇಕು, ಅದರಲ್ಲೂ ಎಲ್ಲ ಮರದ ನೆರಳೂ ಆಗುವುದಿಲ್ಲ ಎಂಬುದು ಆಗ ಮನದಟ್ಟಾಯಿತು. ಎಲಿಯಟ್ ಒಳ್ಳೆಯ ನೆರಳೆಂದು ಎತ್ತಿ ಹೇಳುವುದು ಬಸರಿ, ಗೋಣಿಯಂಥ ಅತ್ತಿ ಜಾತಿಯ ಮರಗಳನ್ನು, ಅದೂ ಕನ್ನಡದ ಹೆಸರುಗಳಿಂದಲೇ. ಆ ಹೆಸರುಗಳು ಅವನಿಗೆ ಸಿಕ್ಕಿದ್ದು ಸುತ್ತಲಿನ ರೈತರಿಂದ, ತೋಟದ ಆಳುಗಳಿಂದ. ಯಾವ ಮರ ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸಲು ನಿಂತ ಮರವನ್ನು ಗುರುತಿಸುವುದು ತೋಟದ ಮೇಸ್ತ್ರಿಯ ದಿನದ ಕೆಲಸವಾಯಿತು. ಪಶ್ಚಿಮಘಟ್ಟದ ಎಷ್ಟೋ ಮರಗಳು ಇಂದಿಗೂ ಸಕಲೇಶಪುರದ ತೋಟಗಳಲ್ಲಿ ನಿಂತಿದ್ದರೆ ಅದಕ್ಕೆ ಆಗ ಕಲಿತ ಆ ಪಾಠವೇ ಕಾರಣ.

ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಅದೇ ಕಾಲದಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ ದಕ್ಷಿಣ ಭಾರತದ ಮರಗಳ ಸಚಿತ್ರ ಗ್ರಂಥವನ್ನು 1869ರಿಂದ 1874ರವರೆಗೆ ಕಂತುಕಂತಾಗಿ ತಂದ. ಚಿತ್ರಗಳು ಅದ್ಭುತ, ಆದರೆ ಅವು ಎಲೆ, ಹೂವು, ಕಾಯಿಗಳವು. ಕಡಿದ ದಿಮ್ಮಿಯನ್ನು ಡಿಪೋದಲ್ಲಿ ಗುರುತಿಸಬೇಕಾದವನಿಗೆ ಅದರಿಂದ ಹೆಚ್ಚು ಸಹಾಯವಾಗದು. ಆ ಕೊರತೆ ತುಂಬಿದ್ದು 1878ರ ಪ್ಯಾರಿಸ್ ವಸ್ತುಪ್ರದರ್ಶನ. ಅಲ್ಲಿಗೆ ಕಳಿಸಲೆಂದು ದೇಶದ ನಾನಾ ಅರಣ್ಯ ವಲಯಗಳಿಂದ ಮರದ ತುಂಡುಗಳನ್ನು ತರಿಸಲಾಯಿತು. ಆ ಸಂಗ್ರಹವನ್ನು ಆಧಾರ ಮಾಡಿಕೊಂಡು ಅರಣ್ಯಾಧಿಕಾರಿ ಜೆ. ಎಸ್. ಗ್ಯಾಂಬಲ್ 1881ರಲ್ಲಿ ಭಾರತದ ನಾಟಾ ಮರಗಳ ಕೈಪಿಡಿಯನ್ನು ಬರೆದ. ತಿದ್ದಿ ಬೆಳೆಸಿದ ಎರಡನೇ ಮುದ್ರಣ 1902ರಲ್ಲಿ ಬಂತು. ಗ್ಯಾಂಬಲ್ ಹಾಕಿಕೊಂಡ ಕ್ರಮ ಸರಳ: ಪ್ರತಿ ತುಂಡಿಗೆ ಪ್ರದೇಶ ಸೂಚಿಸುವ ಒಂದು ಅಕ್ಷರ ಮತ್ತು ಒಂದು ಸಂಖ್ಯೆ, ಅದು ಬಂದ ಕಾಡಿನ ಹೆಸರು, ಘನ ಅಡಿಗೆ ಇಷ್ಟು ಪೌಂಡು ಎಂದು ತೂಕ. ಇಂದು ಮನೆಯಲ್ಲಿ ಹತ್ತು ತುಂಡು ಕೂಡಿಸುವ ಹವ್ಯಾಸಿಗೂ ಇದಕ್ಕಿಂತ ಒಳ್ಳೆಯ ಕ್ರಮ ಬೇಕಿಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕ ಜಾನ್ ಕ್ಯಾಮರನ್ ಮೈಸೂರು ಮತ್ತು ಕೊಡಗಿನ ಕಾಡುಮರಗಳ ಕುರಿತು ಪುಸ್ತಕ ಮಾಡಿದ್ದೂ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲೇ.

1906ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ ಮರದ ಗುರುತು ಸೂಕ್ಷ್ಮದರ್ಶಕದಡಿಗೆ ಹೋಯಿತು. ಪಿಯರ್ಸನ್ ಮತ್ತು ಬ್ರೌನ್ 1932ರಲ್ಲಿ ಹೊರತಂದ ವಾಣಿಜ್ಯ ಮರಗಳ ಗ್ರಂಥ ಒಂದೊಂದು ಮರದ ಒಳರಚನೆಯನ್ನೂ ವಿವರಿಸಿತು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆರೆಯಿತು. ಅದೇ ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ; 1988ರಿಂದ ಈ ಹೆಸರು. ಹಾಸನದ ಕಡೆಯವರಿಗೆ ಸಂದೇಹದ ತುಂಡನ್ನು ಒಯ್ದು ತೋರಿಸಲು ಇರುವ ಹತ್ತಿರದ ಪರಿಣತ ಜಾಗವೂ ಇದೇ.

ಪರಿಣತರು ನೋಡುವುದು ಬಹುಮಟ್ಟಿಗೆ ಅಡ್ಡಕೊಯ್ತದ ಮುಖವನ್ನು, ಅಂದರೆ ದಿಮ್ಮಿಯ ಉಂಗುರಗಳು ಕಾಣುವ ಕಡೆಯನ್ನು. ಹರಿತವಾದ ಬ್ಲೇಡಿನಿಂದ ಅಲ್ಲಿ ತೆಳ್ಳಗೆ ಒಂದು ಪದರ ಸವರಿ, ತುಸು ನೀರು ಹಚ್ಚಿ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಹಿಡಿದರೆ ರಂಧ್ರಗಳು, ಅವುಗಳ ಸುತ್ತಲಿನ ತಿಳಿಬಣ್ಣದ ಮೆದು ಅಂಗಾಂಶ, ನಡುವಿನಿಂದ ಹೊರಕ್ಕೆ ಹರಿದ ಕಿರಣಗಳು ಕಾಣುತ್ತವೆ. ತೇಗದಲ್ಲಿ ಉಂಗುರದ ಆರಂಭದ ರಂಧ್ರಗಳು ದೊಡ್ಡವು, ಸಾಲಾಗಿ ನಿಂತಿರುತ್ತವೆ. ಶ್ರೀಗಂಧದಲ್ಲಿ ರಂಧ್ರಗಳು ಮಸೂರದಲ್ಲೂ ಕಷ್ಟಕ್ಕೆ ಕಾಣುವಷ್ಟು ಸಣ್ಣವು. ಪರಿಮಳವಿರುವುದು ಕೆಚ್ಚಿನಲ್ಲಿ, ಹೊರಗಿನ ಬಿಳಿ ಮರದಲ್ಲಿ ಇಲ್ಲ. ಧೂಮ ಮತ್ತು ಕಿರಾಲಬೋಗಿ ಎರಡರಲ್ಲೂ ರಾಳದ ನಾಳಗಳಿವೆ. ಧೂಮದಲ್ಲಿ ಅವು ಬಿಡಿಬಿಡಿಯಾಗಿಯೋ ತುಂಡು ಸಾಲಾಗಿಯೋ ಇರುತ್ತವೆ, ಕಿರಾಲಬೋಗಿಯಲ್ಲಿ ಉಂಗುರದ ಜಾಡಿನಲ್ಲಿ ಉದ್ದಕ್ಕೆ ಬಿಳಿ ಗೆರೆ ಎಳೆದಂತಿರುತ್ತವೆ. ಬೈನೆ ತಾಳೆಯ ಕುಲದ್ದಾದ್ದರಿಂದ ಉಂಗುರವೇ ಇಲ್ಲ, ಚುಕ್ಕಿ ಚೆಲ್ಲಿದಂತೆ ನಾರಿನ ಕಟ್ಟುಗಳು ಮಾತ್ರ.

ಕೆಲವು ಪರೀಕ್ಷೆಗಳಿಗೆ ಮಸೂರವೂ ಬೇಡ. ಹೊನ್ನೆಯ ಕೆಚ್ಚಿನ ಚೆಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಹಾಕಿ ಬಿಸಿಲಿಗೆ ಹಿಡಿದರೆ, ಹೊಂಬಣ್ಣದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಏಳುತ್ತದೆ. ಸಕ್ಕರೆ ಕಾಯಿಲೆಯವರು ನೀರು ಕುಡಿಯಲೆಂದು ಕೊಳ್ಳುವ ಹೊನ್ನೆಯ ಲೋಟ ಅಸಲಿಯೇ ಎಂದು ನೋಡಲೂ ಇದು ಒಂದು ದಾರಿ. ಹಲಸಿನ ಹೊಸ ಕೊಯ್ತ ಅರಿಶಿನದಷ್ಟು ಹಳದಿ, ವರ್ಷಗಳು ಕಳೆದಂತೆ ಕಂದಾಗುತ್ತದೆ. ನಾಗಸಂಪಿಗೆಯ ಕೆಚ್ಚು ನೀರಿನಲ್ಲಿ ಮುಳುಗುವಷ್ಟು ಭಾರ. ಬೀಟೆಯ ನೇರಳೆ ಕಪ್ಪು ಗೆರೆಗಳನ್ನು ಒಮ್ಮೆ ಕಂಡವರು ಮರೆಯಲಾರರು.

ಆದರೆ ತುಂಡು ಎಷ್ಟು ಚೆನ್ನಾಗಿದ್ದರೂ ಅದು ಯಾವ ಮರದ್ದೆಂಬುದಕ್ಕೆ ಕೊನೆಯ ಸಾಕ್ಷಿ ಹೂವು, ಕಾಯಿ, ಎಲೆಗಳೇ. ಧೂಪ ಎಂಬ ಒಂದೇ ಹೆಸರಿನಲ್ಲಿ ಸಾಲುಧೂಪ ಮತ್ತು ರಾಳಧೂಪ ಎಂಬ ಬೇರೆ ಬೇರೆ ಕುಟುಂಬದ ಎರಡು ಮರಗಳು ನಡೆಯುತ್ತವೆ. ಇಂಥ ಗೊಂದಲ ಬಿಡಿಸಲು ಬೇಕಾದ ಆಧಾರ ಈ ಜಿಲ್ಲೆಗೆ ದೊರೆತದ್ದು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಿಂದ. ಅಲ್ಲಿನ ಪ್ರಾಧ್ಯಾಪಕ, ಪಾದ್ರಿ ಸೆಸಿಲ್ ಸಲ್ಡಾನ ಮತ್ತು ಸಂಗಡಿಗರು ಜಿಲ್ಲೆಯನ್ನು ಸುತ್ತಿ ಗಿಡಮರಗಳ ಮಾದರಿಗಳನ್ನು ಒತ್ತಿ ಒಣಗಿಸಿ ತಂದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೊಲ್ಸನ್ ಜತೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಪ್ರಕಟವಾಯಿತು. ಕರ್ನಾಟಕದ ಬೇರೆ ಜಿಲ್ಲೆಗಳಿಗೆ ಆಗ ಇಂಥದೊಂದು ಪುಸ್ತಕವಿರಲಿಲ್ಲ. ಬಿಸಿಲೆ, ಶಿರಾಡಿ ಘಟ್ಟಗಳ ಮರಗಳನ್ನು ಇಂದು ಯಾರು ಅಭ್ಯಾಸ ಮಾಡಿದರೂ ಈ ಗ್ರಂಥವನ್ನು ಬಿಟ್ಟು ಮುಂದೆ ಹೋಗಲಾರರು. ಆ ಒಣಮಾದರಿಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. 1987ರಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಪಾಸ್ಕಲ್ ಮತ್ತು ರಮೇಶ್ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಬಳ್ಳಿಗಳಿಗೆ ಗುರುತಿನ ಕೀಲಿ ರಚಿಸಿದರು. ಹೂ ಬಿಡದ ಕಾಲದಲ್ಲೂ ಎಲೆ, ತೊಗಟೆ, ಹಾಲು ನೋಡಿ ಜಾತಿ ಹೇಳಲು ಅದರಿಂದ ಸಾಧ್ಯವಾಯಿತು.

ಪುಸ್ತಕಗಳು ಬರುತ್ತಿದ್ದಂತೆ ಇತ್ತ ಮರಗಳು ಹೋಗುತ್ತಿದ್ದವು. ಘಟ್ಟದ ಕಾಡುಗಳಿಂದ ರೈಲು ಸ್ಲೀಪರಿಗೆ, ಪ್ಲೈವುಡ್ಡಿಗೆ ದಿಮ್ಮಿಗಳು ಇಳಿದವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 57 ಸುರಂಗಗಳ ರೈಲುಮಾರ್ಗ ಕಾಡನ್ನು ಸೀಳಿಕೊಂಡು 1979ರಲ್ಲಿ ಮುಗಿಯಿತು. ತೋಟಗಳ ಒಳಗೆ ಆದ ಬದಲಾವಣೆ ಇದಕ್ಕಿಂತ ನಿಧಾನ, ಆದರೆ ಹೆಚ್ಚು ವ್ಯಾಪಕ. ಬೇಗ ಬೆಳೆಯುವ, ಮೆಣಸಿನ ಬಳ್ಳಿಗೆ ಆಸರೆಯಾಗುವ, ಕಡಿಯಲು ಅನುಮತಿಯ ತೊಡಕಿಲ್ಲದ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮರವು ಬಸರಿ, ಗೋಣಿ, ಹವಳಿಗೆಗಳ ಜಾಗಕ್ಕೆ ಬಂತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಾಡುಜಾತಿಯ ಮರ ಕಡಿಯಲು ಅಪ್ಪಣೆ ಬೇಡುತ್ತದೆ, ಸಿಲ್ವರಿಗೆ ವಿನಾಯಿತಿ. ಮರ ಉಳಿಸಲು ಮಾಡಿದ ಕಾನೂನು ಕಾಡುಮರ ನೆಡುವ ಮನಸ್ಸನ್ನೇ ಕುಗ್ಗಿಸಿದ್ದು ದುಃಖದ ಸಂಗತಿ. ಸಿಲ್ವರಿನ ಅಗಲವಾದ ಕಿರಣಗಳು ಸೀಳುಮುಖದಲ್ಲಿ ಜರಿಯ ಚಿತ್ತಾರದಂತೆ ಹೊಳೆಯುತ್ತವೆ, ಸಂಗ್ರಹದಲ್ಲಿ ಅದಕ್ಕೂ ಜಾಗವಿರಲಿ. ಆದರೆ ಇಂದು ಸೀಮೆಯ ಸಾಮಿಲ್ಲುಗಳಿಗೆ ಹೋದವರಿಗೆ ರಾಶಿರಾಶಿ ಕಾಣುವುದು ಅದೊಂದೇ, ಹಳೆಯ ಮರಗಳ ಹಲಗೆ ಅಪರೂಪ.

ಹೀಗಾಗಿ ಹವ್ಯಾಸಿಯ ಸಂಗ್ರಹಕ್ಕೆ ಮೊದಲಿಲ್ಲದ ಬೆಲೆ ಬಂದಿದೆ. ಮೀಸಲು ಅರಣ್ಯದಿಂದ ಒಣ ಕೊಂಬೆ ತರುವುದೂ ಅಪರಾಧ, ಆನೆಗಳ ಓಡಾಟದ ಅಪಾಯ ಬೇರೆ. ಗಂಧ, ಬೀಟೆ, ತೇಗಕ್ಕೆ ಸ್ವಂತ ಜಮೀನಿನಲ್ಲೂ ಅರಣ್ಯ ಇಲಾಖೆಯ ನಿಯಮಗಳಿವೆ. ಬೀಟೆಯ ಇಡೀ ಕುಲ 2017ರ ಜನವರಿ 2ರಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವುದರಿಂದ ಅದರ ತುಂಡನ್ನು ಹೊರದೇಶದ ಗೆಳೆಯರಿಗೆ ಸುಮ್ಮನೆ ಕಳಿಸುವಂತಿಲ್ಲ. ಉಳಿದ ಮರಗಳಿಗೆ ತೋಟ, ಹಳೆಯ ಮನೆ, ಬಡಗಿಯ ಕೊಟ್ಟಿಗೆಗಳೇ ನ್ಯಾಯವಾದ ಮೂಲ. ಆಷಾಢದ ಗಾಳಿಗೆ ಉರುಳಿದ ಮರ, ನೆರಳು ಬಿಡಿಸುವಾಗ ಕಡಿದ ಕೊಂಬೆ, ತೊಟ್ಟಿಮನೆ ಕೆಡವಿದಾಗ ಸಿಗುವ ತೊಲೆಯ ತುದಿ ಇವುಗಳಿಂದಲೇ ಒಳ್ಳೆಯ ಸಂಗ್ರಹ ಬೆಳೆಯಬಲ್ಲದು. ಕೊಂಬೆಯಲ್ಲಿ ಕೆಚ್ಚು ಕೂಡಿರುವುದಿಲ್ಲವಾದ್ದರಿಂದ ಆದಷ್ಟು ದಪ್ಪನೆಯ ಭಾಗ ಆರಿಸಬೇಕು. ತುಂಡಿನ ಎರಡೂ ತುದಿಗೆ ಮೇಣ ಸವರಿ ಒಣಗಿಸಿದರೆ ಸೀಳು ಬಿಡುವುದು ಕಡಿಮೆ. ಒಂದು ಮುಖಕ್ಕೆ ಮಾತ್ರ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಿ ಇನ್ನೊಂದನ್ನು ಹಾಗೇ ಬಿಡಬೇಕು. ಒಣಗಿದ ಮೇಲೆ ತುದಿಯ ಮೇಣವನ್ನು ತೆಗೆದುಬಿಡಬೇಕು, ಅಡ್ಡಕೊಯ್ತಕ್ಕಂತೂ ಮತ್ತೇನನ್ನೂ ಬಳಿಯಬಾರದು.

ಸಕಲೇಶಪುರ, ಆಲೂರಿನ ತೋಟದ ಮನೆಗಳಲ್ಲಿ, ಶಾಲೆಗಳಲ್ಲಿ ಈ ಕೆಲಸ ಕೈಗೊಳ್ಳುವವರು ಪ್ರತಿ ತುಂಡಿನ ಜತೆಗೆ ಅದೇ ಮರದ ಎಲೆ, ಹೂ, ಕಾಯಿಯ ಒಣಮಾದರಿಯೊಂದನ್ನು ಇಡಲಿ. ಊರಿನ ಹೆಸರು, ತಾರೀಖು, ಸ್ಥಳೀಯರು ಆ ಮರವನ್ನು ಕರೆಯುವ ಹೆಸರು ಬರೆಯಲಿ. ಅದರಿಂದ ಏನೇನು ಮಾಡುತ್ತಿದ್ದರು ಎಂಬುದನ್ನು ಊರಿನ ಹಿರಿಯ ಬಡಗಿಯನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನಂತೂ ಮುಂದಿನ ವರ್ಷಕ್ಕೆ ಬಿಡಬಾರದು.