ಎಕ್ಸ್‌ಪ್ಲೋರರ್ ಪಲ್ಟಿ ಹೊಡೆದಾಗ

1958ರ ಜನವರಿ 31ರಂದು ಹಾರಿದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಪೆನ್ಸಿಲ್‌ನಂತೆ ನೀಳವಾಗಿತ್ತು. ಉದ್ದದ ಅಕ್ಷದ ಸುತ್ತ ಗಿರಗಿರನೆ ತಿರುಗುತ್ತ, ಆ ತಿರುಗಾಟದಿಂದಲೇ ಅದು ಸ್ಥಿರವಾಗಿರಬೇಕಿತ್ತು. ಆದರೆ ಕಕ್ಷೆ ಸೇರಿದ ಸ್ವಲ್ಪ ಹೊತ್ತಿಗೇ ಅಡ್ಡಡ್ಡ ಪಲ್ಟಿ ಹೊಡೆಯತೊಡಗಿತು!

ಲೆಕ್ಕ ಹಾಕಿದವರು ಅದನ್ನು ಬಾಗದ ವಸ್ತುವೆಂದೇ ಹಿಡಿದಿದ್ದರು. ಅದಕ್ಕಿದ್ದ ನಾಲ್ಕು ಆಂಟೆನಾಗಳೋ, ಬಳುಕುವಂಥವು. ಅವು ಬಳುಕಿದಷ್ಟೂ ಚಲನೆಯ ಶಕ್ತಿ ಶಾಖವಾಗಿ ಸೋರಿತು. ಕೋನೀಯ ಸಂವೇಗ ಮಾತ್ರ ಹಾಗೇ ಉಳಿಯಿತು. ಇಂಥಲ್ಲಿ ವಸ್ತು ಕಡಿಮೆ ಶಕ್ತಿ ಸಾಕಾಗುವ ಅಡ್ಡ ಅಕ್ಷವನ್ನೇ ಹಿಡಿಯುತ್ತದೆ. ಇಂದು ಉಪಗ್ರಹದ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಷನ್ ಮಾಡುವವರೂ ಈ ಸೋರಿಕೆಯನ್ನು ಬಿಟ್ಟರೆ ಮೋಸ ಹೋಗುತ್ತಾರೆ.

ಮುಂದೆ ಟ್ರಾನ್ಸಿಟ್ ಎಂಬ ಉಪಗ್ರಹಗಳು ಸ್ಥಿರವಾಗಿರಲು ಭೂಮಿಯ ಕಾಂತಕ್ಷೇತ್ರವನ್ನು ನೆಚ್ಚಿದವು. 1963ರಲ್ಲಿ ಒಂದು ಉಪಗ್ರಹ ಉದ್ದನೆಯ ಕೋಲು ಚಾಚಿ, ಗುರುತ್ವದ ಬಲದಿಂದಲೇ ನೆಟ್ಟಗೆ ನಿಂತಿತು. ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹಕ್ಕೆ ಆರಿಸಿಕೊಂಡದ್ದು ಮಾತ್ರ ಹಳೆಯ ದಾರಿ, ತಿರುಗಾಟವನ್ನೇ.