ಹವಾಮಾನ ಬದಲಾವಣೆ ಮತ್ತು ಭೂಸಸ್ಯವರ್ಗದ ಇಂಗಾಲ ಚಕ್ರ

ಭೂಸಸ್ಯವರ್ಗದ ಇಂಗಾಲ ಚಕ್ರ ಎಂದರೆ ನೆಲದ ಮೇಲಿನ ಗಿಡಮರಗಳು, ಬೆಳೆಗಳು ಹಾಗೂ ಮಣ್ಣು ವಾತಾವರಣದೊಡನೆ ನಿರಂತರವಾಗಿ ನಡೆಸುವ ಇಂಗಾಲದ ಕೊಡುಕೊಳ್ಳುವಿಕೆ. ಹವಾಮಾನ ಬದಲಾದಂತೆ ಈ ಕೊಡುಕೊಳ್ಳುವಿಕೆಯ ಪ್ರಮಾಣವೂ ಬದಲಾಗುತ್ತದೆ. ಗಾಳಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಕೆಲವು ಸಸ್ಯಗಳ ಬೆಳವಣಿಗೆಗೆ ಒದಗುತ್ತದೆ; ಏರಿದ ತಾಪಮಾನ ಮತ್ತು ಬರಗಾಲ ಅದೇ ಸಸ್ಯಗಳನ್ನು ಕುಗ್ಗಿಸುತ್ತವೆ. ಈ ಎರಡು ಎಳೆತಗಳಲ್ಲಿ ಯಾವುದು ಮೇಲುಗೈ ಸಾಧಿಸುತ್ತದೆ ಎಂಬುದು ಸಸ್ಯದ ಜಾತಿ, ನೀರಿನ ಲಭ್ಯತೆ ಮತ್ತು ಮಣ್ಣಿನ ಗುಣವನ್ನು ಅವಲಂಬಿಸಿದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ, ಕೌಜಲಗಿಯಂತಹ ಊರುಗಳ ಸುತ್ತಮುತ್ತ, ಮಳೆಯಾಶ್ರಿತ ಜೋಳದ ಎರೆಹೊಲ, ನೀರಾವರಿಯ ಕಬ್ಬಿನ ಗದ್ದೆ ಮತ್ತು ಕುರುಚಲು ಗುಡ್ಡಗಳು ಒಂದೇ ಸೀಮೆಯಲ್ಲಿವೆ. ಆದ್ದರಿಂದ ಈ ಪ್ರದೇಶವನ್ನು ಉದಾಹರಣೆಯಾಗಿಟ್ಟುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ.

ಚಕ್ರದ ಸ್ವರೂಪ

ಜಗತ್ತಿನ ಭೂಸಸ್ಯಗಳು ದ್ಯುತಿಸಂಶ್ಲೇಷಣೆಯ ಮೂಲಕ ವರ್ಷಕ್ಕೆ ಸುಮಾರು 120ರಿಂದ 130 ಶತಕೋಟಿ ಟನ್ ಇಂಗಾಲವನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ. ಅದರಲ್ಲಿ ಅರ್ಧದಷ್ಟನ್ನು ಸಸ್ಯಗಳೇ ತಮ್ಮ ಉಸಿರಾಟದಲ್ಲಿ ಹಿಂದಿರುಗಿಸುತ್ತವೆ. ಉಳಿದದ್ದರಲ್ಲಿ ಬಹುಪಾಲು ಎಲೆ, ಬೇರು, ಕಾಂಡಗಳಾಗಿ ಮಣ್ಣಿಗೆ ಸೇರಿ, ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಮತ್ತೆ ಗಾಳಿಗೆ ಮರಳುತ್ತದೆ. ಈ ಭಾರೀ ಜಮಾ–ಖರ್ಚಿನಲ್ಲಿ ಕೊನೆಗೆ ಉಳಿಯುವ ಸಣ್ಣ ಮೊತ್ತವೇ ಭೂಮಿಯ ನಿವ್ವಳ ಹೀರಿಕೆ.

ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ದಶಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2024ರಲ್ಲಿ ಅದರ ಜಾಗತಿಕ ಸರಾಸರಿ 423.9 ಭಾಗಕ್ಕೆ ಏರಿತು. ಮನುಷ್ಯನ ಚಟುವಟಿಕೆಗಳು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 30ರಷ್ಟನ್ನು ನೆಲದ ಸಸ್ಯವರ್ಗ ಮತ್ತು ಮಣ್ಣು, ಸುಮಾರು ಕಾಲು ಭಾಗವನ್ನು ಸಮುದ್ರಗಳು ಹೀರಿಕೊಳ್ಳುತ್ತಿವೆ. ಈ ಹೀರಿಕೆ ಇಲ್ಲದಿದ್ದರೆ ತಾಪಮಾನದ ಏರಿಕೆ ಇನ್ನೂ ತೀವ್ರವಾಗಿರುತ್ತಿತ್ತು.

ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಆರಂಭಿಸಿದ ಅಳತೆಯ ರೇಖೆ ಗರಗಸದ ಹಲ್ಲಿನಂತೆ ಏರಿಳಿಯುತ್ತ ಮೇಲೇರುತ್ತದೆ. ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಸಸ್ಯಗಳು ಚಿಗುರಿ ಬೆಳೆಯುವಾಗ ರೇಖೆ ಇಳಿಯುತ್ತದೆ, ಎಲೆ ಉದುರಿ ಕೊಳೆಯುವಾಗ ಏರುತ್ತದೆ. ಭಾರತದಲ್ಲಿ ಇಂತಹ ಅಳತೆ ಗೋವಾದ ಕಾಬೊ ದಿ ರಾಮ ಕಡಲತೀರದಲ್ಲಿ 1993ರಲ್ಲಿ ಆರಂಭವಾಯಿತು. ಮಳೆಗಾಲದಲ್ಲಿ ಅಲ್ಲಿಗೆ ಸಮುದ್ರದ ಗಾಳಿಯೂ ಚಳಿಗಾಲದಲ್ಲಿ ಒಳನಾಡಿನ ಗಾಳಿಯೂ ಬರುವುದರಿಂದ ಎರಡನ್ನೂ ಹೋಲಿಸಲು ಅನುಕೂಲವಾಯಿತು.

ಸಿ-3 ಮತ್ತು ಸಿ-4 ಸಸ್ಯಗಳು

ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಎಲ್ಲ ಸಸ್ಯಗಳಿಗೂ ಸಮಾನವಾಗಿ ಗೊಬ್ಬರದಂತೆ ಒದಗುವುದಿಲ್ಲ. ಗೋಧಿ, ಕಡಲೆ, ತೊಗರಿ, ಶೇಂಗಾ, ಸೋಯಾಬೀನ್, ಹತ್ತಿ ಹಾಗೂ ಬಹುತೇಕ ಎಲ್ಲ ಮರಗಳು ಸಿ-3 ವರ್ಗಕ್ಕೆ ಸೇರಿವೆ. ಇವು ಹಿಡಿದಿಟ್ಟ ಇಂಗಾಲದಿಂದ ಮೊದಲು ಮೂರು ಇಂಗಾಲ ಪರಮಾಣುಗಳ ಸಂಯುಕ್ತ ಉಂಟಾಗುವುದರಿಂದ ಈ ಹೆಸರು. ಇವುಗಳಲ್ಲಿ ಇಂಗಾಲವನ್ನು ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನೇ ಹಿಡಿಯುತ್ತದೆ. ಅಷ್ಟರಮಟ್ಟಿಗೆ ಶ್ರಮ ವ್ಯರ್ಥ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಈ ನಷ್ಟ ಕಡಿಮೆಯಾಗಿ ಬೆಳವಣಿಗೆ ಹೆಚ್ಚುತ್ತದೆ.

ಜೋಳ, ಸಜ್ಜೆ, ಗೋವಿನಜೋಳ ಮತ್ತು ಕಬ್ಬು ಸಿ-4 ವರ್ಗದವು. ಇವು ಎಲೆಯೊಳಗೇ ಇಂಗಾಲವನ್ನು ಸಾಂದ್ರಗೊಳಿಸಿಕೊಳ್ಳುವುದರಿಂದ ಹೊರಗಿನ ಹೆಚ್ಚಳದಿಂದ ನೇರವಾದ ಲಾಭ ಅತ್ಯಲ್ಪ. ಈ ವಿಧಾನದ ಸುಳಿವು ಮೊದಲು ದೊರೆತದ್ದು ಹವಾಯಿಯ ಕಬ್ಬಿನ ಎಲೆಗಳಲ್ಲಿ ಎಂಬುದು ಕಬ್ಬಿನ ಸೀಮೆಯ ಓದುಗರಿಗೆ ಕುತೂಹಲಕರವಾಗಬಹುದು. ಮುಂದೆ 1966ರಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯಾದಲ್ಲಿ, ಅದೂ ಕಬ್ಬಿನ ಮೇಲೆಯೇ ನಡೆಸಿದ ಪ್ರಯೋಗಗಳಿಂದ, ಅದನ್ನು ವಿವರಿಸಿದರು.

ಎರಡೂ ವರ್ಗಗಳಿಗೆ ದೊರೆಯುವ ಒಂದು ಅನುಕೂಲವಿದೆ. ಇಂಗಾಲದ ಡೈಆಕ್ಸೈಡ್ ಸಮೃದ್ಧವಾಗಿದ್ದರೆ ಎಲೆಗಳು ಪತ್ರರಂಧ್ರಗಳನ್ನು ಕಿರಿದಾಗಿಸಿಕೊಂಡು ನೀರನ್ನು ಉಳಿಸುತ್ತವೆ. ಹಾಗಾಗಿ ತೇವ ಕಡಿಮೆಯಿರುವ ಹೊಲದಲ್ಲಿ ಜೋಳಕ್ಕೂ ಸ್ವಲ್ಪ ಪ್ರಯೋಜನವಾಗುತ್ತದೆ. ಆದರೆ ತಾಪಮಾನದ ಏರಿಕೆಯ ಪೆಟ್ಟು ಬೇರೆ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಜಾಗತಿಕ ಸರಾಸರಿ ಇಳುವರಿ ಗೋಧಿಯಲ್ಲಿ ಸುಮಾರು ಶೇ. 6, ಗೋವಿನಜೋಳದಲ್ಲಿ ಸುಮಾರು ಶೇ. 7.4ರಷ್ಟು ಕುಗ್ಗುತ್ತದೆಂದು 2017ರ ಒಂದು ಸಮಗ್ರ ಅಧ್ಯಯನ ಅಂದಾಜಿಸಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿಯಲ್ಲಿ ಬೆಳೆದ ಗೋಧಿ ಮತ್ತು ಭತ್ತದ ಕಾಳುಗಳಲ್ಲಿ ಸತು, ಕಬ್ಬಿಣ ಹಾಗೂ ಪ್ರೋಟೀನ್ ಅಂಶ ಕಡಿಮೆಯಾಗುವುದೂ ಪ್ರಯೋಗಗಳಿಂದ ತಿಳಿದುಬಂದಿದೆ.

ಘಟಪ್ರಭಾ ಬಯಲಿನ ಸಸ್ಯವರ್ಗ

ಪಶ್ಚಿಮಘಟ್ಟದಲ್ಲಿ ಹುಟ್ಟುವ ಘಟಪ್ರಭೆ ಮಳೆಕಾಡಿನಿಂದ ಹೊರಟು ಕೆಲವೇ ಹರದಾರಿಗಳಲ್ಲಿ ಮಳೆನೆರಳಿನ ಒಣಬಯಲನ್ನು ಸೇರುತ್ತದೆ. ಇಲ್ಲಿನ ಎರೆಭೂಮಿಯ ಪಾರಂಪರಿಕ ಬೆಳೆ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರಲ್ಲಿ ನಿರ್ಮಾಣಗೊಂಡ ಒಡ್ಡು ಮತ್ತು ಅದರ ಕಾಲುವೆ, ನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ತಲೆಯೆತ್ತಿದ, 51 ಟಿಎಂಸಿ ಅಡಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯ ಈ ಚಿತ್ರವನ್ನು ಬದಲಿಸಿದವು. ನೀರು ಬಂದಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ ವ್ಯಾಪಿಸಿದವು. ಬಾರದಲ್ಲಿ ಹಳೆಯ ಬೆಳೆಗಳು ಉಳಿದವು.

ಹವಾಮಾನದ ಏರುಪೇರಿಗೆ ಈ ಎರಡು ಭಾಗಗಳೂ ಬೇರೆಬೇರೆಯಾಗಿ ಸ್ಪಂದಿಸುತ್ತವೆ. ಮಳೆಯಾಶ್ರಿತ ಹೊಲದ ಹಸಿರು ಆಯಾ ವರ್ಷದ ಮಳೆಯೊಂದಿಗೆ ಏರಿಳಿಯುತ್ತದೆ. ನೀರಾವರಿ ಗದ್ದೆ ಸಾಮಾನ್ಯ ವರ್ಷಗಳಲ್ಲಿ ಸ್ಥಿರವಾಗಿದ್ದರೂ ಘಟ್ಟದ ಮಳೆ ಕೈಕೊಟ್ಟಾಗ ಅಥವಾ ಮಿತಿಮೀರಿದಾಗ ಒಮ್ಮೆಲೇ ಕುಸಿಯುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳ ಪ್ರವಾಹ ಗೋಕಾಕ ಪಟ್ಟಣವನ್ನೂ ನದಿತೀರದ ಹೊಲಗಳನ್ನೂ ಮುಳುಗಿಸಿತು. ನಾಲ್ಕೇ ವರ್ಷಗಳ ಬಳಿಕ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅದೇ ವರ್ಷ ಎಲ್ ನಿನೋ ಪ್ರಭಾವದಿಂದ ಜಗತ್ತಿನ ನೆಲದ ಇಂಗಾಲ ಹೀರಿಕೆಯೂ ಗಣನೀಯವಾಗಿ ತಗ್ಗಿತು.

ಹಸಿರಾಗುವಿಕೆ ಮತ್ತು ಇಂಗಾಲದ ಸಂಗ್ರಹ

ಉಪಗ್ರಹಗಳ ಚಿತ್ರಗಳಲ್ಲಿ ಭೂಮಿ ಮೊದಲಿಗಿಂತ ಹಸಿರಾಗಿ ಕಾಣುತ್ತಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹೆಚ್ಚಳದ ಸುಮಾರು ಶೇ. 70ರಷ್ಟಕ್ಕೆ ಇಂಗಾಲದ ಡೈಆಕ್ಸೈಡ್‌ನ ಗೊಬ್ಬರ ಪರಿಣಾಮವೇ ಕಾರಣವೆಂದಿತು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಚೀನಾ ಮತ್ತು ಭಾರತ ಈ ಹಸಿರಾಗುವಿಕೆಯಲ್ಲಿ ಮುಂಚೂಣಿಯಲ್ಲಿವೆ ಎಂದು ತೋರಿಸಿತು. ಆದರೆ ಒಂದು ಮುಖ್ಯ ವ್ಯತ್ಯಾಸವಿತ್ತು. ಚೀನಾದಲ್ಲಿ ಹೊಸ ಹಸಿರಿನ ಶೇ. 42ರಷ್ಟು ಕಾಡಿನಿಂದ ಬಂದಿದ್ದರೆ, ಭಾರತದಲ್ಲಿ ಶೇ. 82ರಷ್ಟು ಬೆಳೆಭೂಮಿಯಿಂದ ಬಂದಿತ್ತು; ಕಾಡಿನ ಪಾಲು ಶೇ. 4.4 ಮಾತ್ರ.

ಈ ಅಂಕಿಗಳ ಅರ್ಥವನ್ನು ಕಬ್ಬಿನ ಗದ್ದೆಯಲ್ಲಿ ಕಾಣಬಹುದು. ಕಬ್ಬು ಅತ್ಯಂತ ಹೆಚ್ಚು ಇಂಗಾಲವನ್ನು ಹಿಡಿಯುವ ಬೆಳೆಗಳಲ್ಲೊಂದು. ವರ್ಷದ ಬಹುಕಾಲ ಹಸಿರಾಗಿಯೂ ಇರುತ್ತದೆ. ಆದರೆ ಕಟಾವಿನ ನಂತರ ಸಕ್ಕರೆ, ಬೆಲ್ಲ ಆಹಾರವಾಗಿ ಕರಗುತ್ತವೆ, ಸಿಪ್ಪೆ ಕಾರ್ಖಾನೆಯ ಕುಲುಮೆಯಲ್ಲಿ ಉರಿಯುತ್ತದೆ, ರವದಿಗೆ ಅನೇಕ ಕಡೆ ಹೊಲದಲ್ಲೇ ಬೆಂಕಿ ಇಡಲಾಗುತ್ತದೆ. ಹಿಡಿದ ಇಂಗಾಲದ ಬಹುಭಾಗ ಒಂದೆರಡು ವರ್ಷಗಳೊಳಗೆ ಗಾಳಿಗೆ ಮರಳುತ್ತದೆ. ಬೇರು ಮತ್ತು ಕುಳೆಯ ರೂಪದಲ್ಲಿ ಸ್ವಲ್ಪ ಮಾತ್ರ ಮಣ್ಣಿನಲ್ಲಿ ಉಳಿಯುತ್ತದೆ. ಸಿಪ್ಪೆಯಿಂದ ತಯಾರಾಗುವ ವಿದ್ಯುತ್ತು ಕಲ್ಲಿದ್ದಲನ್ನು ಉಳಿಸುತ್ತದೆ ಎಂಬುದು ನಿಜವಾದರೂ ಅದು ಬೇರೆ ಲೆಕ್ಕ. ಒಂದು ಬೇವಿನ ಮರ ನಿಧಾನವಾಗಿ ಬೆಳೆದರೂ ಅದರ ಕಾಂಡದಲ್ಲಿ ಸೇರಿದ ಇಂಗಾಲ ದಶಕಗಳ ಕಾಲ ಅಲ್ಲಿಯೇ ಇರುತ್ತದೆ. ಉಪಗ್ರಹದ ಕಣ್ಣಿಗೆ ಎರಡೂ ಹಸಿರೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಬಾಲ ಮತ್ತು ಸಂಗಡಿಗರು 1982ರಿಂದ 2006ರವರೆಗಿನ ಉಪಗ್ರಹ ಮಾಹಿತಿಯಿಂದ ಭಾರತದ ಸಸ್ಯಗಳ ನಿವ್ವಳ ಉತ್ಪಾದನೆ ದಶಕಕ್ಕೆ ಸುಮಾರು ಶೇ. 4ರಂತೆ ಏರಿತ್ತೆಂದು ಕಂಡುಕೊಂಡರು. ನಂತರದ ಅವಧಿಯ ಚಿತ್ರ ಅಷ್ಟು ಆಶಾದಾಯಕವಲ್ಲ. ದೇಶ ಹಸಿರಾಗುತ್ತಿದ್ದರೂ ತಾಪಮಾನದ ಏರಿಕೆ ಈ ಉತ್ಪಾದನೆಯ ಹೆಚ್ಚಳವನ್ನು ತಡೆಯುತ್ತಿದೆ ಎಂದು 2023ರ ಅಧ್ಯಯನವೊಂದು ತೋರಿಸಿದೆ.

ಮಣ್ಣಿನಲ್ಲಿರುವ ಇಂಗಾಲ

ಸಸ್ಯಗಳಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಇಂಗಾಲ ಜಗತ್ತಿನ ಮಣ್ಣಿನಲ್ಲಿದೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಮಣ್ಣಿನ ಸೂಕ್ಷ್ಮಜೀವಿಗಳ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ತೇವವಿಲ್ಲದಿದ್ದರೆ ಈ ಕ್ರಿಯೆ ನಿಲ್ಲುತ್ತದೆ. ಒಣಗಿದ ಎರೆಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಇಂಗಾಲದ ಡೈಆಕ್ಸೈಡ್ ಹೊರಬೀಳುವುದು ಈ ಕಾರಣದಿಂದಲೇ.

ಎರೆಭೂಮಿಯಲ್ಲಿ ಇಂಗಾಲ ಎರಡು ರೂಪಗಳಲ್ಲಿರುತ್ತದೆ. ಕೊಳೆತ ಸಸ್ಯಾಂಶದಿಂದ ಬಂದದ್ದು ಸಾವಯವ ಇಂಗಾಲ. ಸುಣ್ಣದ ಹರಳುಗಳ ರೂಪದಲ್ಲಿರುವುದು ನಿರವಯವ ಇಂಗಾಲ. ಹವೆ ಒಣಗುತ್ತ ಹೋದಂತೆ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆಂದು ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ವಿಜ್ಞಾನಿಗಳು ದಖ್ಖನ್ನಿನ ಮಣ್ಣುಗಳ ಅಧ್ಯಯನದಿಂದ ತೋರಿಸಿದ್ದಾರೆ. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ನೀರು ಇಂಗುವುದು ಕಷ್ಟ. ಆದ್ದರಿಂದ ಇದು ರೈತನಿಗೆ ಲಾಭದ ಸಂಗ್ರಹವಲ್ಲ. ಕಾಲುವೆಯ ನೀರು ಅತಿಯಾಗಿ ನಿಂತು ಸವಳು–ಜವಳಾದ ಭೂಮಿಯಲ್ಲಂತೂ ಬೆಳೆಯೇ ಕ್ಷೀಣಿಸಿ ಮಣ್ಣಿಗೆ ಸೇರುವ ಸಸ್ಯಾಂಶವೂ ತಗ್ಗುತ್ತದೆ.

ಕುರುಚಲು ಕಾಡು ಮತ್ತು ಪಶ್ಚಿಮಘಟ್ಟ

ಗೋಕಾಕದ ಮರಳುಗಲ್ಲಿನ ಗುಡ್ಡಗಳ ಮೇಲೆ ಜಾಲಿ, ಬೇವು, ಬನ್ನಿ, ಕವಳಿಯಂತಹ ಒಣಪ್ರದೇಶದ ಸಸ್ಯಗಳಿವೆ. ಇಂತಹ ಅರೆಶುಷ್ಕ ನೆಲ ಲೆಕ್ಕಕ್ಕಿಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಜಗತ್ತಿನ ನೆಲದ ಹೀರಿಕೆ ವರ್ಷದಿಂದ ವರ್ಷಕ್ಕೆ ಏರಿಳಿಯುವುದಕ್ಕೆ ಮುಖ್ಯ ಕಾರಣ ಅರೆಶುಷ್ಕ ಪ್ರದೇಶಗಳೇ ಎಂದು 2014 ಮತ್ತು 2015ರ ಸಂಶೋಧನೆಗಳು ತಿಳಿಸಿದವು. ಒಳ್ಳೆಯ ಮಳೆಯಾದ 2011ರಲ್ಲಿ ಆಸ್ಟ್ರೇಲಿಯಾದ ಒಣನೆಲವೊಂದೇ ಆ ವರ್ಷದ ಅಸಾಮಾನ್ಯ ಹೀರಿಕೆಗೆ ದೊಡ್ಡ ಪಾಲು ನೀಡಿತ್ತು.

ನದಿಯ ಮೂಲದ ಕಡೆಗೆ ಹೋದರೆ ಘಟ್ಟದ ಕಾಡು ದೊರೆಯುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿಯಂತೆ ದೇಶದ ಕಾಡುಗಳಲ್ಲಿರುವ ಇಂಗಾಲ 7,285.5 ದಶಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮಣ್ಣಿನಲ್ಲಿ. ಎನ್. ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, ಹೊರಸೂಸುವಿಕೆ ಹೆಚ್ಚಿರುವ ಸನ್ನಿವೇಶದಲ್ಲಿ 2085ರ ವೇಳೆಗೆ ದೇಶದ ಅರಣ್ಯ ಚೌಕಗಳಲ್ಲಿ ಶೇ. 77ರಷ್ಟರಲ್ಲಿ ಕಾಡಿನ ಬಗೆಯೇ ಬದಲಾಗಬಹುದೆಂದಿತ್ತು. 2011ರಲ್ಲಿ ಬೇರೊಂದು ಮಾದರಿ ಬಳಸಿದಾಗ ಆ ಸಂಖ್ಯೆ ಶೇ. 39ಕ್ಕೆ ಇಳಿಯಿತು. ಮಾದರಿ ಬದಲಾದೊಡನೆ ಅಂದಾಜು ಅರ್ಧಕ್ಕಿಳಿದದ್ದನ್ನು ಗಮನಿಸಿದರೆ ಇಂತಹ ಸಂಖ್ಯೆಗಳನ್ನು ಭವಿಷ್ಯವಾಣಿಯಂತೆ ಓದಬಾರದೆಂಬುದು ಸ್ಪಷ್ಟ.

ಕಾಡಿನ ಬಗೆ ಹವಾಮಾನದೊಂದಿಗೆ ಬದಲಾಗುವುದು ಹೊಸತೇನಲ್ಲ. ಆರ್. ಸುಕುಮಾರ್ ಮತ್ತು ಸಹಸಂಶೋಧಕರು 1993ರಲ್ಲಿ ನೀಲಗಿರಿಯ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿ, ಹಿಮಯುಗದ ಶುಷ್ಕಕಾಲದಲ್ಲಿ ಅಲ್ಲಿ ಸಿ-4 ಹುಲ್ಲುಗಳು ಹರಡಿದ್ದವೆಂದು ತೋರಿಸಿದರು. ಆದರೆ ಆ ಬದಲಾವಣೆಗಳು ಸಾವಿರಾರು ವರ್ಷಗಳ ಅವಧಿಯವು.

ನೆಲಬಳಕೆಯ ಪಾತ್ರ

ಮರ ನೆಡುವುದರ ಫಲ ಎಲ್ಲೆಡೆ ಒಂದೇ ಅಲ್ಲ. 2007ರಲ್ಲಿ ಜಿ. ಬಾಲ ಮತ್ತು ಸಂಗಡಿಗರು ನಡೆಸಿದ ಗಣಕ ಅಧ್ಯಯನದಂತೆ ಉಷ್ಣವಲಯದ ಕಾಡು ಇಂಗಾಲವನ್ನು ಹಿಡಿಯುವುದರ ಜೊತೆಗೆ ನೀರಾವಿ ಮತ್ತು ಮೋಡಗಳ ಮೂಲಕವೂ ಭೂಮಿಯನ್ನು ತಂಪಾಗಿಸುತ್ತದೆ. ಹಿಮಾವೃತ ಉತ್ತರ ದೇಶಗಳಲ್ಲಿ ಮಾತ್ರ ಕಪ್ಪಾದ ಕಾಡು ಬಿಸಿಲನ್ನು ಹೀರಿ ಬಿಸಿಯನ್ನು ಹೆಚ್ಚಿಸಬಲ್ಲದು. ಕರ್ನಾಟಕ ಮೊದಲನೆಯ ವಲಯಕ್ಕೆ ಸೇರಿದೆ.

ಘಟಪ್ರಭಾ ಬಯಲಿನಂತಹ ಕೃಷಿಪ್ರದೇಶದಲ್ಲಿ ಇಂಗಾಲವನ್ನು ಹೆಚ್ಚುಕಾಲ ಹಿಡಿದಿಡುವ ದಾರಿಗಳು ಸರಳವಾದವು: ರವದಿಯನ್ನು ಸುಡದೆ ಕುಳೆ ಕಬ್ಬಿನ ಸಾಲುಗಳ ನಡುವೆ ಹೊದಿಕೆಯಾಗಿ ಹರಡುವುದು, ತಿಪ್ಪೆಗೊಬ್ಬರ ಹಾಕುವುದು, ಬದುಗಳ ಮೇಲೆ ಬೇವು, ಬನ್ನಿ ಬೆಳೆಸುವುದು, ನೀರನ್ನು ಹಿತಮಿತವಾಗಿ ಹಾಯಿಸಿ ಭೂಮಿ ಸವಳಾಗದಂತೆ ಕಾಯುವುದು. ರವದಿಯ ಹೊದಿಕೆಯಿಂದ ಮಣ್ಣಿನ ತೇವವೂ ಉಳಿಯುತ್ತದೆ. ಆದರೆ ಹೀಗೆ ಮಣ್ಣಿಗೆ ಸೇರಿದ ಇಂಗಾಲ ಶಾಶ್ವತವಲ್ಲ. ಸುಡುವ ರೂಢಿ ಮರಳಿ ಆರಂಭವಾದರೆ ವರ್ಷಗಟ್ಟಲೆ ಕೂಡಿದ್ದು ಕೆಲವೇ ಹಂಗಾಮುಗಳಲ್ಲಿ ಕರಗಿಹೋಗಬಹುದು.